ಕೊಬ್ಬಿನ ಮಾತ್ರೆ

ಡಾಕ್ಟರ ಕೋಣೆಯ ಹೊರಗೆ, ಈಚೆಗೆ ಹೆಂಡತಿಯನ್ನು ಕಳೆದುಕೊಂಡ ಮೇಷ್ಟರು ಮನಸ್ಸಿನಲ್ಲೇ ಜಪ ಮಾಡುತ್ತ ಕುಳಿತಿದ್ದರು. ಪಕ್ಕದಲ್ಲಿ ಒಬ್ಬ ದರ್ಜಿ, ಅವನ ಅಕ್ಕ.

“ರಕ್ತದಲ್ಲಿ ಕೊಬ್ಬು ಮತ್ತೆ ಏರಿದೆ. ಆ ಮಾತ್ರೆ ಯಾಕೋ ಬಿಟ್ಟೆ?”

“ಹೋದ ಸಲ ರಿಪೋರ್ಟ್ ಚೆನ್ನಾಗಿತ್ತಲ್ಲಕ್ಕ.”

“ಮಾತ್ರೆ ತಗೊಂಡಿದ್ದಕ್ಕೇ ಕಣೋ ಚೆನ್ನಾಗಿದ್ದದ್ದು!”

“ಸಕ್ಕರೆಗೆ, ಬಿಪಿಗೆ ನುಂಗ್ತಿದ್ದೀನಲ್ಲ. ನನ್ನ ಹೊಟ್ಟೆ ಏನು ಔಷಧಿ ಅಂಗಡೀನಾ?”

“ಅಣ್ಣನೂ ಹಿಂಗೇ ತಮಾಷೆ ಮಾಡ್ತಿದ್ದ. ಎದೆ ಹಿಡ್ಕೊಂಡು ಹೊಲಿಗೆ ಮಿಷನ್ ಮೇಲೇ ಒರಗಿದ.”

“ಅದು ದೇವರಿಚ್ಛೆ.”

“ಮಾತ್ರೆ ನಿಲ್ಲಿಸು ಅಂತ ದೇವರು ಬಂದು ಹೇಳಿದ್ನಾ?”

ಮೇಷ್ಟರ ಜಪ ನಿಂತಿತು. ಸಮಾಧಾನ ಹೇಳಲು ಬಂದವರೆಲ್ಲ ಅವರಿಗೂ ದೇವರಿಚ್ಛೆ ಎಂದೇ ಹೇಳಿ ಹೋಗಿದ್ದರು.

ನರ್ಸ್ ದರ್ಜಿಯನ್ನು ಕರೆದಳು.

“ಡಾಕ್ಟರಿಗಾದರೂ ನಿಜ ಹೇಳ್ತೀಯಾ?”

“ತಪ್ಪದೆ ತಗೋತಿದ್ದೀನಿ ಅಂತೀನಿ. ಬೈಸ್ಕೊಳ್ಳೋರು ಯಾರು?” ಎನ್ನುತ್ತ ದರ್ಜಿ ಒಳಗೆ ಹೋದ. ಅಕ್ಕ ಹಿಂದೆಯೇ ನಡೆದಳು.