ದಾರಿ ಬಿಡಲೊಲ್ಲದ ಸಾರಥಿ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರು ಮಾಡುತ್ತೇನೆಂದು ಕಾಯುತ್ತಿದ್ದೀರಿ. ಪಾಪ, ಆ ಶ್ರೀಮಂತ ಪ್ರತಿ ಪ್ರವಚನಕ್ಕೂ ಬಂದು ಬಂದು ಸವೆದು ಬಡವನಾಗಿಬಿಟ್ಟಿದ್ದಾನೆ. ಇವತ್ತು ಅವನಿಗೆ ರಜೆ. ಇವತ್ತು ಬರುವವನು ಒಬ್ಬ ಸಾರಥಿ. ಏಳು ಸಮುದ್ರದಾಚೆ, ಬ್ರಿಟನ್ ಎಂಬ ದ್ವೀಪದಲ್ಲಿ, ಸೂರ್ಯನೂ ಕೊಡೆ ಹಿಡಿದುಕೊಂಡೇ ಮೂಡುವ ಒಂದು ಊರಿನವನು. ಅವನ ರಥಕ್ಕೆ ಕುದುರೆ ಇಲ್ಲ, ಚಾವಣಿ ಇಲ್ಲ, ಬಾಗಿಲಿಲ್ಲ. ನಾಲ್ಕು ಗಾಲಿಗಳೂ ಮೈಯಿಂದ ಹೊರಗೆ ಚಾಚಿಕೊಂಡು, ದೂರದಿಂದ ನೋಡಿದರೆ ಥೇಟು ಬಣ್ಣ ಬಳಿದ ಜಿರಲೆ. ನಿಮ್ಮ ಮೊಮ್ಮಕ್ಕಳು ಟಿವಿಯಲ್ಲಿ ನೋಡುತ್ತಾರಲ್ಲ, ಝುಂಯ್ ಎಂದು ಬಂದು ಝುಂಯ್ ಎಂದು ಹೋಗುವ ರೇಸ್ ಕಾರು, ಅದೇ.

ಎಷ್ಟು ವೇಗ ಎನ್ನುತ್ತೀರಿ? ಅವನು ಒಂದು ತಿರುವಿನಲ್ಲಿ ಸೀನಿದರೆ ಆ ಸೀನು ಅವನಿಗೆ ಕೇಳಿಸುತ್ತಿರಲಿಲ್ಲ. ಅದು ತಲುಪುವಷ್ಟರಲ್ಲಿ ಅವನು ಮುಂದಿನ ತಿರುವಿನಲ್ಲಿರುತ್ತಿದ್ದ. ಅವನ ನೆರಳು ದಾರಿ ತಪ್ಪಿ, ಅವರಿವರನ್ನು ಕೇಳಿಕೊಂಡು ಸಂಜೆಗೆ ಮನೆ ಸೇರುತ್ತಿತ್ತು. ಅಂಬೆಗಾಲು ಬಿಡುವ ಮೊದಲೇ ಅಪ್ಪ ಅವನನ್ನು ಕಾರ್ಟ್ ಎಂಬ ಪುಟ್ಟ ಬಂಡಿಯಲ್ಲಿ ಕೂರಿಸಿದ್ದನಂತೆ. ಅಲ್ಲಿಂದ ಸಣ್ಣ ಕಾರು, ಅಲ್ಲಿಂದ ದೊಡ್ಡ ಕಾರು, ಅಲ್ಲಿಂದ ಜಗತ್ತಿನ ಅತಿ ದೊಡ್ಡ ತಂಡದ ಕೆಂಪು ಕಾರು. ಗೆದ್ದ ಕಪ್ಪುಗಳನ್ನು ಇಡಲು ಮನೆಯಲ್ಲಿ ಜಾಗವಿಲ್ಲದೆ ಹೆಂಡತಿ ಒಂದರಲ್ಲಿ ಈರುಳ್ಳಿ ತುಂಬಿಟ್ಟಿದ್ದಳು ಎಂದರೆ ನೀವೇ ಲೆಕ್ಕ ಹಾಕಿ.

ಈಗ ಒಂದು ಮಾತು ತಿಳಿಸಬೇಕು, ಕಿವಿಗೊಡಿ. ಈ ಓಟ ಊರಿಂದ ಊರಿಗೆ ಹೋಗುವುದಲ್ಲ. ಗಾಣದ ಎತ್ತಿನಂತೆ ಒಂದೇ ದಾರಿಯನ್ನು ಸುತ್ತುವುದು. ಸುತ್ತುತ್ತ ಸುತ್ತುತ್ತ ಎಲ್ಲರಿಗಿಂತ ಮುಂದಿರುವವನು ಒಂದು ಇಡೀ ಸುತ್ತು ಹೆಚ್ಚು ಮುಗಿಸಿ, ಹಿಂದುಳಿದವನ ಬೆನ್ನಿಗೇ ಬಂದು ಅಂಟಿಕೊಳ್ಳುತ್ತಾನೆ. ಆಗ ದಾರಿಯ ಬದಿಯಲ್ಲಿ ನಿಂತವರು ಹಿಂದುಳಿದವನಿಗೆ ಒಂದು ನೀಲಿ ಬಾವುಟ ಬೀಸುತ್ತಾರೆ. ಅದರ ಅರ್ಥ ಇಷ್ಟೇ: ಅಪ್ಪಾ, ನಿನಗಿಂತ ಚುರುಕಾದವನು ಬಂದಿದ್ದಾನೆ, ಪಕ್ಕಕ್ಕೆ ಸರಿದು ದಾರಿ ಬಿಡು. ಬಿಡದಿದ್ದರೆ ಶಿಕ್ಷೆ. ಎಲ್ಲರೂ ದೌಡಾಯಿಸುತ್ತಿರುವಾಗ ಅವನೊಬ್ಬನೇ ಪಕ್ಕದ ಓಣಿಯಲ್ಲಿ ಹೆಣದ ಮೆರವಣಿಗೆಯಷ್ಟು ಮೆಲ್ಲಗೆ ಹಾದು ಬರಬೇಕು.

ನಮ್ಮ ಸಾರಥಿ ಮೆರೆಯುತ್ತಿದ್ದ ಕಾಲದಲ್ಲಿ ನೀಲಿ ಬಾವುಟ ಯಾವಾಗಲೂ ಇನ್ನೊಬ್ಬರಿಗೆ. ಅದರಲ್ಲೂ ಒಬ್ಬ ಬಕ್ಕತಲೆಯ ಹಳೆಯ ಓಟಗಾರನಿದ್ದ. ಆ ಕಾಲದ ಅತಿ ಮಂದ ಕಾರು ಅವನದು. ನಮ್ಮವನು ಪ್ರತಿ ಓಟದಲ್ಲೂ ಅವನ ಬೆನ್ನಿಗೆ ಬಂದು ಮುಷ್ಟಿ ಎತ್ತಿ ಆಡಿಸುತ್ತಿದ್ದ. "ಸರಿಯೋ ಮುದ್ಯಾ. ಹೊಲಕ್ಕ ಬುತ್ತಿ ಒಯ್ಯಾಕತ್ತಿಯೇನು?" ಬ್ರಿಟನ್ನಿನವನು ಧಾರವಾಡದ ಮಾತು ಹೇಗೆ ಆಡಿದ ಎಂದು ಕೇಳಬೇಡಿ. ನನ್ನ ಕಥೆಗೆ ಬಂದ ಮೇಲೆ ರಾಣಿಯಾದರೂ ಹೀಗೇ ಮಾತಾಡಬೇಕು.

ಕಾಲ ಎಂಬುದಕ್ಕೆ ಬ್ರೇಕು ಇಲ್ಲ ನೋಡಿ. ವರ್ಷಗಳು ಕಳೆದವು. ಸಾರಥಿಯ ಕುತ್ತಿಗೆ ನೋಯತೊಡಗಿತು, ಕಣ್ಣು ಒಂದು ಎಳೆಯಷ್ಟು ತಡ ಮಾಡತೊಡಗಿತು. ಆ ಓಟದಲ್ಲಿ ಒಂದು ಎಳೆ ಎಂದರೆ ಒಂದು ಯುಗ. ದೊಡ್ಡ ತಂಡದವರು ಒಂದು ಹೂಗುಚ್ಛ ಕೊಟ್ಟು, ಬೆನ್ನು ತಟ್ಟಿ, ಅದೇ ಕೈಯಿಂದ ಬಾಗಿಲು ತೋರಿಸಿದರು. ಕೊನೆಗೆ ಅವನನ್ನು ಕರೆದದ್ದು ಒಂದು ಪುಟ್ಟ ತಂಡ. ಅದರ ಒಡತಿ ಒಬ್ಬ ಮುದುಕಿ. ಗಂಡ ದನದ ಕೊಟ್ಟಿಗೆಯಲ್ಲಿ ಕಾರು ಕಟ್ಟಲು ಶುರು ಮಾಡಿ ತೀರಿಕೊಂಡಿದ್ದ. ಇವಳು ಕೊಟ್ಟಿಗೆಯನ್ನು ಶೆಡ್ಡು ಮಾಡಿ ನಡೆಸಿಕೊಂಡು ಬಂದಿದ್ದಳು. ಶೆಡ್ಡಿನಲ್ಲಿ ಕೆಲಸ ಮಾಡುವವರೆಲ್ಲ ಅವಳನ್ನು ಅವ್ವ ಎಂದೇ ಕರೆಯುತ್ತಿದ್ದರು.

ಆ ವರ್ಷ ಅವ್ವನ ಕುತ್ತಿಗೆಗೆ ಬಂದಿತ್ತು. ಓಟದಲ್ಲಿ ಮೊದಲ ಹತ್ತು ಮಂದಿಗೆ ಮಾತ್ರ ಅಂಕ ಸಿಗುತ್ತದೆ, ಹತ್ತನೆಯವನಿಗೆ ಒಂದೇ ಒಂದು. ವರ್ಷ ಮುಗಿಯುವಷ್ಟರಲ್ಲಿ ಆ ಒಂದು ಅಂಕವಾದರೂ ಬಾರದಿದ್ದರೆ ಕಾರಿನ ಮೇಲೆ ಹೆಸರು ಬರೆಸಿದ ಕಂಪನಿಯವರು ಕೈಬಿಡುತ್ತಾರೆ, ಶೆಡ್ಡಿಗೆ ಬೀಗ ಬೀಳುತ್ತದೆ. ಅದರ ಜೊತೆಗೆ ನಮ್ಮ ಸಾರಥಿಯ ಓಟದ ಬದುಕಿಗೂ. ಅವನನ್ನು ಇನ್ನು ಕರೆಯುವವರು ಯಾರಿದ್ದಾರೆ?

ಕೊನೆಯ ಓಟಕ್ಕೆ ಮುಂಚಿನ ಓಟ. ದೇವರು ಕಣ್ಣು ತೆರೆದ. ಮುಂದಿದ್ದ ಕೆಲವರ ಕಾರು ಕೆಟ್ಟವು, ಒಂದಿಬ್ಬರು ಗೋಡೆಗೆ ಮುತ್ತಿಟ್ಟರು, ನಮ್ಮವನು ಹತ್ತನೆಯವನಾಗಿ ಓಡುತ್ತಿದ್ದ. ಆಗ ಹಿಂದಿನಿಂದ ಬಂದ, ಎಲ್ಲರಿಗಿಂತ ಮುಂದಿದ್ದವನು. ಒಂದು ಸುತ್ತು ಹೆಚ್ಚು ಮುಗಿಸಿ ಬೆನ್ನಿಗೆ ನಿಂತ. ಅದೂ ಯಾವ ಕಾರಿನಲ್ಲಿ? ನಮ್ಮವನು ಬಿಟ್ಟು ಬಂದ ಅದೇ ಕೆಂಪು ಕಾರಿನಲ್ಲಿ.

ಸಾರಥಿಯ ಕಿವಿಯಲ್ಲಿ ಒಂದು ಯಂತ್ರ, ಅದರಲ್ಲಿ ಅವನ ಇಂಜಿನಿಯರ್ ಹೆಣ್ಣುಮಗಳ ದನಿ.

"ಅಣ್ಣಾರ, ನೀಲಿ ಬಾವುಟ."

"ಎಲ್ಲಿ?"

"ನಿಮ್ಮ ಮೂಗಿನ ಮುಂದ."

"ನನಗ ಹಸರು ಕಂಡಂಗಾತು."

"ಅದು ಗಿಡಾರೀ ಅಣ್ಣಾರ. ಗಿಡದ ಮುಂದ ನಿಂತಾಂವ ಬೀಸಾಕತ್ತಾನ ನೋಡ್ರಿ, ಅದು ನೀಲಿ."

"ಬಿಸಲು ಭಾಳ ಐತಿ, ಕಣ್ಣು ಕುಕ್ಕತಾವು."

"ಮೋಡ ಮುಸುಕೇತಿ ಅಣ್ಣಾರ. ಸರೀರಿ."

ಸರಿಯಲಿಲ್ಲ. ಆ ಕೆಂಪು ಕಾರು ಎಡಕ್ಕೆ ಬಂದರೆ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಬಾವುಟ ಬೀಸಿದವರ ತೋಳು ಬಿದ್ದು ಹೋಗಿ ಎರಡನೇ ಪಾಳಿಯವರು ಬಂದರಂತೆ. ಸಾರಥಿಯದು ಒಂದೇ ಮಾತು: ನಾನು ಸರಿಯಬೇಕೇ? ನಾನು? ಕೊನೆಗೆ ಅಧಿಕಾರಿಗಳು ಶಿಕ್ಷೆ ಬರೆದರು. ಪಕ್ಕದ ಓಣಿಯಲ್ಲಿ ಮೆಲ್ಲಗೆ ಹಾದು ಬರುವಷ್ಟರಲ್ಲಿ ಹಿಂದಿದ್ದವರೆಲ್ಲ ಮುಂದಾಗಿದ್ದರು. ಹತ್ತನೆಯವನು ಕಟ್ಟಕಡೆಯವನಾಗಿ ಮುಗಿಸಿದ. ಕೈಗೆ ಬಂದಿದ್ದ ಅಂಕ ಹಾರಿಹೋಯಿತು.

ಅವ್ವ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಖವಾಗುತ್ತಿತ್ತು. ಅವಳು ಚಹಾ ತಂದು ಮುಂದಿಟ್ಟಳು.

"ಕುಡೀಪಾ. ಆರತೈತಿ."

ಅವನು ಕುಡಿದ.

"ನಾ ಓಟದಾಗ ಶಾಣ್ಯಾಕಿ ಅಲ್ಲ. ಒಂದ ಮಾತು ಹೇಳು. ಇವತ್ತ ನೀ ಯಾರ ಜೋಡಿ ಓಡಾಕತ್ತಿದ್ದಿ?"

ಅವನು ಚಹಾದ ಲೋಟ ಕೆಳಗಿಟ್ಟು ಎದ್ದ. ಅವಮಾನಕ್ಕೆ ಮದ್ದು ಬೇಕೆಂದರೆ ಎಲ್ಲಿಗೆ ಹೋಗಬೇಕು? ಅದನ್ನು ಎಲ್ಲರಿಗಿಂತ ಹೆಚ್ಚು ಉಂಡವನ ಹತ್ತಿರ ತಾನೆ? ಹಾಗೆಂದುಕೊಂಡು ಅವನು ಬಕ್ಕತಲೆಯವನನ್ನು ಹುಡುಕಿಕೊಂಡು ಹೋದ.

ಬಕ್ಕತಲೆಯವನು ಓಟ ಬಿಟ್ಟು, ಊರಿನ ಅಜ್ಜಿಯಂದಿರಿಗೆ ಕಾರು ಓಡಿಸಲು ಕಲಿಸುವ ಶಾಲೆ ಇಟ್ಟಿದ್ದ. ಅಂಗಳದಲ್ಲಿ ಒಬ್ಬ ಅಜ್ಜಿ ಹಿಂದಕ್ಕೆ ಬರುವ ಬದಲು ಮುಂದಕ್ಕೆ ಹೋಗಿ ಗುಲಾಬಿ ಗಿಡವನ್ನು ಸಾಷ್ಟಾಂಗ ಮಾಡಿಸುತ್ತಿದ್ದಳು. ಅವನು ಸಾರಥಿಯನ್ನು ನೋಡಿ ಕುರ್ಚಿ ಎಳೆದ.

"ಬಾರಪಾ ಸರದಾರ, ಕೂಡು. ನನ್ನ ಹಿಂದ ಬಂದಾಗೆಲ್ಲ ಏನೋ ಒದರ್ತಿದ್ದಿ. ಹೆಲ್ಮೆಟ್ಟಿನ್ಯಾಗ ಕೇಳತಿರಲಿಲ್ಲ. ಈಗ ಎದುರಿಗೆ ಕುಂತು ಹೇಳು."

ಸಾರಥಿ ನೆಲ ನೋಡಿದ. "ಅಷ್ಟು ವರ್ಷ ಹೆಂಗ ತಡಕೊಂಡ್ಯೋ ಮಾರಾಯಾ? ದಾರಿ ಬಿಡೂ ಹೊತ್ತಿಗೆ ನನಗ ಹೊಟ್ಟ್ಯಾಗ ಬೆಂಕಿ ಬೀಳತೈತಿ."

"ಯಾಕ ಬೀಳಬೇಕು?"

"ಸೋತಂಗಲ್ಲೇನು?"

"ಯಾರಿಗೆ?"

"ದಾಟಿ ಹೋದಾಂವಗ."

ಬಕ್ಕತಲೆಯವನು ನಕ್ಕ ನಗೆಗೆ ಅಂಗಳದ ಅಜ್ಜಿ ಬೆದರಿ ಬ್ರೇಕು ಒತ್ತಿದಳು. ಅವಳು ಸರಿಯಾಗಿ ಬ್ರೇಕು ಒತ್ತಿದ್ದು ಅದೇ ಮೊದಲು.

"ನೀ ನನ್ನ ಎಷ್ಟ ಸಲ ದಾಟಿ ಹ್ವಾದಿ, ನನಗ ನೆನಪಿಲ್ಲ. ಆದ್ರ ನಿನಗ ನಾ ಒಂದ ಸಲಾನೂ ಸೋತಿಲ್ಲ. ನಿನ್ನ ಜೋಡಿ ನಾ ಓಡೇ ಇಲ್ಲಲ್ಲೋ ತಮ್ಮಾ. ನನ್ನ ಓಟ ನನ್ನ ಹಿಂದಿನಾಂವನ ಜೋಡಿ ಇತ್ತು, ಮುಂದಿನಾಂವನ ಜೋಡಿ ಇತ್ತು. ನೀ ನಡುವ ಬೀಸಿ ಹೋಗೋ ಗಾಳಿ. ಗಾಳಿ ಜೋಡಿ ಯಾರರೆ ಜಗಳಾ ತಗೀತಾರ?"

ಸಾರಥಿ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

"ಇನ್ನೊಂದು ಕೇಳು. ಬಿಡಾಂವ ತಿರುವಿನ್ಯಾಗ ಬಿಡಬಾರದು. ತಿರುವಿನ ಬದೀಗೆ ಎಲ್ಲಾರ ಟೈರಿನ ರಬ್ಬರ ಪುಡಿ ಬಿದ್ದಿರತೈತಿ. ಅದರ ಮ್ಯಾಲೆ ಹ್ವಾದಿ ಅಂದ್ರ ಎಣ್ಣಿ ಮ್ಯಾಲೆ ಕಾಲಿಟ್ಟಂಗ. ನೆಟ್ಟಗಿನ ದಾರ್ಯಾಗ, ಅಂವ ಕೇಳೂಕಿಂತ ಮದಲ, ನೀನ ಸರಿ. ಸರಿದ ಕೂಡಲೇ ಅವನ ಬೆನ್ನಿಗೆ ಬೀಳು. ಅಂವ ಗಾಳಿ ಸೀಳಕೊಂತ ಹೊಂಟಿರತಾನ, ಹಿಂದಿನಾಂವಗ ಹಾದಿ ಹಗುರ. ದಾರಿ ಬಿಟ್ಟಾಂವನ್ನ ದಾಟಿದಾಂವನೇ ಎಳಕೊಂಡು ಹೋಗತಾನ."

ವರ್ಷದ ಕೊನೆಯ ಓಟ ಬಂತು. ಅವ್ವ ಶೆಡ್ಡಿನವರನ್ನೆಲ್ಲ ಕರೆದುಕೊಂಡು ಬಂದಿದ್ದಳು; ಇವತ್ತು ಅಂಕ ಬಾರದಿದ್ದರೆ ನಾಳೆ ಯಾರಿಗೂ ಕೆಲಸವಿಲ್ಲ. ಓಟ ಅರ್ಧ ದಾಟಿತು, ಮುಕ್ಕಾಲು ದಾಟಿತು, ಕೊನೆಯ ಎರಡು ಮೂರು ಸುತ್ತು ಉಳಿದವು, ನಮ್ಮವನು ಹನ್ನೊಂದನೆಯವನು. ಅವನ ಮುಂದೆ ಹತ್ತನೆಯವನಾಗಿ ಒಬ್ಬ ಹಳದಿ ಕಾರಿನವನು. ಕೂಗಿದರೆ ಕೇಳುವಷ್ಟೇ ದೂರ. ಆದರೆ ಎಷ್ಟು ಒತ್ತಿದರೂ ಆ ದೂರ ತುಂಬುತ್ತಿಲ್ಲ. ಅಷ್ಟರಲ್ಲಿ ಹಿಂದೆ ಆ ಕೆಂಪು ಕಾರು.

"ಅಣ್ಣಾರ," ಕಿವಿಯಲ್ಲಿ ದನಿ ಬಂತು. ಈ ಸಲ ಮೆತ್ತಗೆ. "ನೀಲಿ ಬಾವುಟ."

ನೋಡಿ, ಹಳೆಯ ಚಾಳಿ ಸುಲಭಕ್ಕೆ ಬಿಡುತ್ತದೆಯೇ? ಕೈಗಳು ತಾವಾಗಿಯೇ ಅಡ್ಡ ತಿರುಗಲು ಹೊರಟವು. ಆ ಸ್ಟೀರಿಂಗನ್ನು ಹಿಡಿದು ನಿಲ್ಲಿಸಲು ಅವನು ಪಟ್ಟ ಪಾಡು ಹುಚ್ಚು ಗೂಳಿಯನ್ನು ಕಟ್ಟುವವನಿಗೂ ಬೇಡ. ಹಲ್ಲು ಕಚ್ಚಿದ. ನೆಟ್ಟಗಿನ ದಾರಿ ಬಂತು.

"ಕಂಡೇತಿ ತಂಗೀ," ಎಂದ. ಸರಿದ.

ಕೆಂಪು ಕಾರು ಪಕ್ಕದಲ್ಲಿ ಹಾಯುವಾಗ ಅದರೊಳಗಿದ್ದವನು ಕೈ ಎತ್ತಿದ. ಮುಷ್ಟಿಯಲ್ಲ, ಬಿಚ್ಚಿದ ಕೈ. ಉಪಕಾರ ಎಂದು. ನಮ್ಮವನು ತನ್ನ ಇಡೀ ಜನ್ಮದಲ್ಲಿ ತನಗೆ ದಾರಿ ಬಿಟ್ಟವರಿಗೆ ಹಾಗೆ ಕೈ ಎತ್ತಿರಲಿಲ್ಲ. ಆದರೆ ಮರುಗಲು ಹೊತ್ತೆಲ್ಲಿ? ಸರ್ರನೆ ಅವನ ಬೆನ್ನಿಗೆ ಬಿದ್ದ. ಆಹಾ, ಗಾಳಿ ಸೀಳಿದ ದಾರಿ ಬೆಣ್ಣೆಯಂತಿತ್ತು. ಹಳದಿ ಕಾರು ಹತ್ತಿರ, ಇನ್ನೂ ಹತ್ತಿರ.

ಈಗ ನೀಲಿ ಬಾವುಟ ಹಳದಿ ಕಾರಿನವನಿಗೆ. ಅವನು ಬಿಟ್ಟನೇ? ನಾನು ಹತ್ತನೆಯವನು, ಯಾರಿಗಾದರೂ ಬಿಡುತ್ತೇನೆಯೇ ಎಂದು ನೆಟ್ಟಗಿನ ದಾರಿಯುದ್ದಕ್ಕೂ ಬಿಗಿಹಿಡಿದ. ತಿರುವು ಬಂತು. ಕೆಂಪು ಕಾರಿನವನು ಒಳಗೆ ನುಗ್ಗಿದ. ಹಳದಿಯವನು ಗಾಬರಿಬಿದ್ದು ಹೊರಗೆ ಸರಿದ, ರಬ್ಬರ್ ಪುಡಿಯ ಮೇಲೆ ಏರಿದ, ಅಷ್ಟೇ. ಕಾರು ಮದುವೆಮನೆಯ ಒದ್ದೆ ನೆಲದ ಮೇಲೆ ಜಾರಿದ ಬೀಗರಂತೆ ಸೊಟ್ಟಪಟ್ಟ ಹೋಯಿತು. ಬಿಟ್ಟ ಸಂದಿಯಲ್ಲಿ ನಮ್ಮ ಸಾರಥಿ ನುಸುಳಿಕೊಂಡ. ಹಳದಿಯವನು ಸಾವರಿಸಿಕೊಂಡು ಬರುವಷ್ಟರಲ್ಲಿ ಓಟ ಮುಗಿದಿತ್ತು.

ಹತ್ತನೆಯ ಸ್ಥಾನ. ಒಂದು ಅಂಕ.

ಗೆದ್ದವನು ಅತ್ತ ವೇದಿಕೆಯ ಮೇಲೆ ಕಪ್ಪು ಹಿಡಿದು ನಿಂತಿದ್ದ. ಇತ್ತ ಅವ್ವನ ಶೆಡ್ಡಿನವರ ಗದ್ದಲಕ್ಕೆ ಆ ಗೆದ್ದವನಿಗೆ ತನ್ನ ಹೆಸರು ಕರೆದದ್ದೇ ಕೇಳಿಸಲಿಲ್ಲ. ಒಬ್ಬ ಮೆಕ್ಯಾನಿಕ್ ಬಿಸಿ ಟೈರಿಗೆ ಮುತ್ತಿಟ್ಟು ಮೂರು ದಿನ ಗಂಜಿ ಕುಡಿದ. ಅವ್ವ ಮಾತ್ರ ಸಾರಥಿಯ ಹೆಲ್ಮೆಟ್ಟು ತೆಗೆದು, ಬೆವರಿದ ತಲೆಯ ಮೇಲೆ ಕೈ ಇಟ್ಟು ಕೇಳಿದಳು.

"ಇವತ್ತ ಯಾರ ಜೋಡಿ ಓಡಿದೀಪಾ?"

"ಹಳದಿಯಾಂವನ ಜೋಡಿ, ಅವ್ವಾ."

"ಆತು. ಸೋಮವಾರ ಶೆಡ್ಡಿನ ಬಾಗಲಾ ತಗೀತೀನಿ."

ಮುಂದಿನ ಸಾಲಿನ ಯಜಮಾನರೇ, ಇಷ್ಟು ಹೊತ್ತು ಚೆನ್ನಾಗಿ ನಕ್ಕಿರಿ. ಬ್ರಿಟನ್ನಿನವನ ಮೂರ್ಖತನ ಎಂದುಕೊಂಡಿರಾ? ನಿಮ್ಮ ಮನೆಯಲ್ಲಿ ಯಾರೂ ನೀಲಿ ಬಾವುಟ ಬೀಸಿಲ್ಲವೇ? ಅಂಗಡಿಯಲ್ಲಿ ಮಗ "ಅಪ್ಪಾ, ನಾ ನೋಡಕೋತೀನಿ ಬಿಡ್ರಿ" ಎಂದಾಗ ನಿಮಗೆ ಕಂಡದ್ದು ಯಾವ ಬಣ್ಣ? ಈ ಸಭಾಭವನದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅದು ಜಗ್ಗಿ ಜಗ್ಗಿ ನೀವು ಒಂದು ಪಕ್ಕಕ್ಕೆ ವಾಲಿ ನಡೆಯುತ್ತಿದ್ದೀರಲ್ಲ, ಯಾರ ಜೊತೆ ಓಡುತ್ತಿದ್ದೀರಿ? ತಾಯಂದಿರೇ, ನೀವು ಬಾಯಿ ಮುಚ್ಚಿಕೊಂಡು ನಗಬೇಡಿ. ಸೊಸೆ ಒಲೆಯ ಮುಂದೆ ನಿಂತರೆ ಅವಳ ಹೆಗಲ ಮೇಲಿಂದ ಕತ್ತು ಚಾಚಿ "ಅಷ್ಟ ಉಪ್ಪು ಸಾಕೇನ" ಎನ್ನುವವರು ಯಾರು? ಭಜನೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸದವರು ಯಾರು?

ಮೊದಲನೆಯದು ಕೇಳಿ: ದಾಟಿ ಹೋಗುವವನು ನಿಮ್ಮನ್ನು ಸೋಲಿಸುತ್ತಿಲ್ಲ. ಅವನ ಓಟ ಅವನದು. ನಿಮ್ಮದು ಬೇರೆ ಇದೆ. ಯಜಮಾನರಿಗೆ ಬಿಡಲಾಗದ ಸಿಟ್ಟು ಇದೆ, ಅದರ ಜೊತೆ ಓಡಿ. ವರ್ಷಗಟ್ಟಲೆ ಮಾತುಬಿಟ್ಟ ತಂಗಿಯ ಮನೆ ಇದೆ, ಅಲ್ಲಿಗೆ ಹೋಗುವ ದಾರಿ ಇದೆ, ಅಲ್ಲಿ ಓಡಿ. ದಾರಿ ಬಿಟ್ಟವನ ಓಟ ಮುಗಿಯುವುದಿಲ್ಲ. ಬಿಡದವನದೇ ಪಕ್ಕದ ಓಣಿಯಲ್ಲಿ ಮುಗಿಯುತ್ತದೆ.

ಎರಡನೆಯದು: ಬಿಡುವುದಾದರೆ ನೆಟ್ಟಗಿನ ದಾರಿಯಲ್ಲಿ ಬಿಡಿ. ಮಂಚ ಹಿಡಿದ ಮೇಲೆ, ನಾಲಗೆ ತೊದಲಿದ ಮೇಲೆ, ನಾಲ್ಕು ಜನ ಬಂದು ಬೆರಳು ಬಿಡಿಸಿ ಬೀಗದ ಕೈ ತೆಗೆದುಕೊಂಡರೆ ಅದು ಬಿಟ್ಟದ್ದಲ್ಲ, ಜಾರಿದ್ದು. ಕಾಲು ಗಟ್ಟಿ ಇರುವಾಗ, ಕೇಳುವ ಮೊದಲೇ, ನಗುತ್ತ ಕೊಡಿ. ಕೊಟ್ಟು ಬೆನ್ನು ತಿರುಗಿಸಬೇಡಿ, ಅವರ ಬೆನ್ನಿಗೆ ನಿಲ್ಲಿ. ಅವರು ಸೀಳಿದ ಗಾಳಿ ನಿಮಗೂ ಹಗುರ.

ನಾಳೆ ಬೆಳಿಗ್ಗೆ ತಾಯಂದಿರು ಸೌಟನ್ನು ಸೊಸೆಯ ಕೈಗೆ ಕೊಟ್ಟು, ಉಪ್ಪಿನ ಮಾತೆತ್ತದೆ ಅಂಗಳಕ್ಕೆ ಬರಬೇಕು. ಅಪ್ಪಂದಿರು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಮಗನನ್ನು ಕೂರಿಸಿ, ಗಿರಾಕಿಯಂತೆ ಆಚೆ ನಿಂತು ನೋಡಬೇಕು. ಮತ್ತೆ ಸೊಂಟದಲ್ಲಿ ಬೀಗದ ಕೈ ಇರುವವರು ನಾಳೆಯವರೆಗೂ ಕಾಯುವುದು ಬೇಡ. ಪಕ್ಕದಲ್ಲಿ ಕೂತವರು ಬಹಳ ದಿನದಿಂದ ನಿಮ್ಮ ಸೊಂಟವನ್ನೇ ನೋಡುತ್ತಿದ್ದಾರೆ. ಬಿಚ್ಚಿ, ಅವರ ಕೈಗಿಡಿ, ಮುಷ್ಟಿ ಬಿಚ್ಚಿ ಕೈ ಎತ್ತಿ. ಆಮೇಲೆ ಎದ್ದು ನಡೆಯಿರಿ. ನಿಮ್ಮ ನಡಿಗೆ ನೆಟ್ಟಗಾಗಿರುವುದು ನಿಮಗೇ ಗೊತ್ತಾಗುತ್ತದೆ.