ಕವಲಿನ ಫಲಕದ ಕೆಳಗೆ ಕೂತಿದ್ದ ಮೇಸ್ತ್ರಿ

ಎಲ್ಲರೂ ಹೊಲಿಗೆಯಮ್ಮ ಎಂದು ಕರೆಯುವ ನಾನು, ವಯಸ್ಸು 57 ವರ್ಷ, ವೃತ್ತಿ ಬಟ್ಟೆ ಹೊಲಿಯುವುದು, ವಾಸ ಗಿರಣಿ ಬೀದಿಯಲ್ಲಿ ಬೀಗದ ಅಂಗಡಿಯ ಮೇಲಿನ ಒಂದು ಕೋಣೆ, ನಾನು ಕಾಣೆಯಾಗಿದ್ದೇನೆಂದು ನನ್ನ ಅತ್ತಿಗೆ ನಿನ್ನೆ ಕೊಟ್ಟ ದೂರಿನ ಬಗ್ಗೆ ಈ ಮೂಲಕ ತಿಳಿಸುವುದೇನೆಂದರೆ, ನಾನು ಕಾಣೆಯಾಗಿರಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆ.

ಸದರಿ ಅತ್ತಿಗೆ ನನ್ನ ಅಣ್ಣನ ಹೆಂಡತಿ. ಅಣ್ಣ ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಪ್ರತಿ ವಸಂತದಲ್ಲಿ ಅವನು ತನ್ನ ನಾಯಿಯೊಂದಿಗೆ ಮೂರು ದಿನ ಈ ಬೆಟ್ಟಗಳಲ್ಲಿ ನಡೆಯುತ್ತಿದ್ದ. ನಾಯಿ ಅವನ ಕೈಗೆ ಬರುವ ಮೊದಲು ಆರು ವರ್ಷ ಕುರಿಮಂದೆ ಕಾದಿತ್ತು. ಯಾರು ಹಿಂದುಳಿದರೂ ಹೋಗಿ ತಳ್ಳಿಕೊಂಡು ಬರುವ ಅಭ್ಯಾಸ ಇದ್ದುದರಿಂದ ಅದಕ್ಕೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದ. ಅಣ್ಣ ಹೋದ ಮೇಲೆ ನಾಯಿ ಯಾರದ್ದು ಎಂದು ನಮಗೆ ಜಗಳವಾಯಿತು. ಅದು ನಮ್ಮನೇದು ಎಂದು ಅತ್ತಿಗೆ, ನಮ್ಮಣ್ಣನದು ಎಂದು ನಾನು. ಮೂವತ್ತು ವರ್ಷದಿಂದ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ. ಹಿಮ ಕರಗಿದ ದಿನದಿಂದ ನಾಯಿ ಊಟ ಬಿಟ್ಟು ಬಾಗಿಲಲ್ಲೇ ಕೂರತೊಡಗಿದ್ದರಿಂದ, ಬೇರೆ ದಾರಿಯಿಲ್ಲದೆ ಇಬ್ಬರೂ ಅದನ್ನು ಕರೆದುಕೊಂಡು ಹೊರಟೆವು.

ಮೊನ್ನೆ ಬೆಳಿಗ್ಗೆ 7.15ಕ್ಕೆ ನಡೆಯಲು ಶುರು ಮಾಡಿದೆವು. ಅತ್ತಿಗೆ ಮುಂದೆ, ನಾನು ಹಿಂದೆ, ನಡುವೆ ನಲವತ್ತು ಅಡಿ. ಅಳತೆ ನನ್ನ ಕಸುಬು, ಕಣ್ಣಂದಾಜು ತಪ್ಪುವುದಿಲ್ಲ. ಅಂತರ ಅರವತ್ತಡಿ ದಾಟಿದರೆ ನಾಯಿ ಹಿಂದೆ ಬಂದು ನನ್ನ ಮೀನಖಂಡಕ್ಕೆ ಮೂತಿಯಿಂದ ತಿವಿಯುತ್ತಿತ್ತು. ಆ ದಿನ ಹದಿನಾಲ್ಕು ಕಿಲೋಮೀಟರ್ ನಡೆದೆವು. ತೊರೆಯ ದಂಡೆಯಲ್ಲಿ ಹುಲ್ಲು ಚಿಗುರಿತ್ತು. ಅತ್ತಿಗೆಯಾಗಲಿ ನಾನಾಗಲಿ ಆಡಿದ ಮಾತೆಲ್ಲ ನಾಯಿಯ ಜೊತೆಗೇ.

ನಿನ್ನೆ ಬೆಳಿಗ್ಗೆ 10.10ಕ್ಕೆ ಬೆಟ್ಟದ ಮೇಲೆ ದಾರಿ ಕವಲೊಡೆಯುವ ಫಲಕದ ಹತ್ತಿರ ಬಂದೆವು. ನಾಯಿಗೇ ಬಿಡೋಣ, ಅದು ಯಾರ ಹಿಂದೆ ಬರುತ್ತೋ ಅವರೇ ಸಾಕ್ಕೊಳ್ಳಲಿ ಎಂದು ಅತ್ತಿಗೆ ಹೇಳಿದರು. ಕರೆಯಬಾರದು, ತಿರುಗಿ ನೋಡಬಾರದು ಎಂದು ನಾನು ಷರತ್ತು ಹಾಕಿದೆ. ಎಡದ ದಾರಿ ಅವರಿಗೆ, ಬಲದ ದಾರಿ ನನಗೆ. ಎರಡೂ ಐದು ಕಿಲೋಮೀಟರ್ ಇಳಿದು ಬೇರೆ ಬೇರೆ ಊರು ಸೇರುತ್ತವೆ. ಫೋನ್ ಅವರ ಬಳಿ ಮಾತ್ರ ಇತ್ತು. ಕೆಳಗೆ ತಲುಪಿದ ಕೂಡಲೇ ಯಾವುದಾದರೂ ಅಂಗಡಿಯಿಂದ ಕರೆ ಮಾಡುವುದಾಗಿ ನಾನು ಒಪ್ಪಿದ್ದೆ.

ನಾಯಿ ನನ್ನ ಹಿಂದೆ ಬಂತು, ವಾಪಸು ಹೋಯಿತು, ಮತ್ತೆ ಬಂತು. ಏಳು ಸಲ ಬಂದದ್ದನ್ನು ಎಣಿಸಿದೆ. ಪ್ರತಿ ಸಲವೂ ಏದುಸಿರು ಹೆಚ್ಚಾಗಿತ್ತು. ಎಂಟನೆಯ ಸಲ ಬರಲಿಲ್ಲ. ಷರತ್ತು ನನ್ನದೇ ಆದ್ದರಿಂದ ತಿರುಗಿ ನೋಡಲಿಲ್ಲ. 12.30ಕ್ಕೆ ಕೆಳಗೆ ತಲುಪಿದೆ. ಅಂಗಡಿಯಲ್ಲಿ ಫೋನ್ ಇತ್ತು. ಮಾಡಲಿಲ್ಲ. ನೋಡಿದ್ಯಾ, ನನ್ನ ಹಿಂದೇನೇ ಬಂತು ಎಂದು ಅತ್ತಿಗೆಯ ಬಾಯಿಂದ ಕೇಳುವುದು ನನಗೆ ಬೇಕಿರಲಿಲ್ಲ. ಹೊಟ್ಟೆ ಉರಿಯುತ್ತಿತ್ತು. ಇದನ್ನೂ ಬರೆದುಕೊಳ್ಳಿ ಎಂದು ನಾನೇ ಹೇಳಿದ್ದೇನೆ. ನಾಲ್ಕು ಗಂಟೆಯ ಬಸ್ಸಿಗೆ ಕಾಯುತ್ತ ಕೂತೆ.

3.20ಕ್ಕೆ ಪೇದೆಯೊಬ್ಬರು ಚೀಟಿ ಹಿಡಿದು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀವೇ ತಾನೇ ಕಳೆದುಹೋದವರು ಎಂದು ಕೇಳಿದರು. ನಾನು ಯಾಕ್ರೀ ಕಳೆದುಹೋಗಲಿ ಎಂದೆ. ಅವರು ಪಕ್ಕದ ಠಾಣೆಯಿಂದ ಬಂದ ವಿವರ ಓದಿದರು. ಹಸಿರು ಸ್ವೆಟರ್, ಮೂರನೆಯ ಗುಂಡಿ ಬೇರೆ ಬಣ್ಣದ್ದು. ಚಳಿಗೆ ಎಡಮಂಡಿ ಹಿಡಿಯುತ್ತದೆ. ಹಸಿದಾಗ ಸಿಡುಕುತ್ತಾಳೆ, ಸಿಕ್ಕ ಕೂಡಲೇ ಮೊದಲು ತಿನ್ನಲು ಕೊಡಿ. ಸಂಬಂಧ, ತಂಗಿ. ಜೊತೆಗಿರುವುದು, ಒಂದು ನಾಯಿ.

ತಂಗಿ ಎಂದಿರುವುದನ್ನು ಇನ್ನೊಮ್ಮೆ ಓದಿಸಿದೆ. ಆಮೇಲೆ ಪೇದೆಯವರು ನಾಯಿ ಎಲ್ಲಿದೆಯಮ್ಮ ಎಂದು ಕೇಳಿದರು. ಹಾಗಾದರೆ ಅದು ಅತ್ತಿಗೆಯ ಹತ್ತಿರವೂ ಇರಲಿಲ್ಲ.

ಪೇದೆಯವರು ಬೇಡವೆಂದರೂ ಬೆಟ್ಟ ಹತ್ತಿದೆ, ಅವರೂ ಜೊತೆಗೆ ಬಂದರು. ದಾರಿಯುದ್ದಕ್ಕೂ ಮೇಸ್ತ್ರಿ, ಮೇಸ್ತ್ರಿ ಎಂದು ಕೂಗಿದೆ. ಅತ್ತ ಕಡೆಯಿಂದ ಅತ್ತಿಗೆಯೂ ಇನ್ನೊಬ್ಬ ಪೇದೆಯವರೊಂದಿಗೆ ಹತ್ತಿದ್ದರು. 5.40ಕ್ಕೆ, ಇನ್ನೂ ಬಿಸಿಲಿರುವಾಗ, ಇಬ್ಬರೂ ಕವಲಿಗೆ ತಲುಪಿದೆವು. ನಾಯಿ ಫಲಕದ ಕೆಳಗೆ ಕೂತಿತ್ತು. ನಮ್ಮನ್ನು ಕಂಡು ಎದ್ದಿತು, ಆದರೆ ಯಾರ ಮಡಿಲಿಗೂ ಬರಲಿಲ್ಲ. ಕುಂಟುತ್ತ ಅತ್ತಿಗೆಯ ಹಿಂದೆ ಹೋಗಿ ಅವರನ್ನು ಮುಂದಕ್ಕೆ ತಳ್ಳಿತು. ಆಮೇಲೆ ನನ್ನ ಹಿಂದೆ ಬಂದು ತಳ್ಳಿತು. ನಮ್ಮಿಬ್ಬರ ನಡುವೆ ಒಂದೂವರೆ ಅಡಿ ಉಳಿದಾಗ ಅಲ್ಲೇ ಮಲಗಿಬಿಟ್ಟಿತು. ನಾಲ್ಕೂ ಪಾದಗಳ ಚರ್ಮ ಕಿತ್ತುಬಂದಿತ್ತು. ಒಂದು ಫೋನ್ ಮಾಡೋಕೆ ನಿಂಗೇನು ಧಾಡಿಯಾಗಿತ್ತು ಎಂದು ಅತ್ತಿಗೆ ಬೈದರು. ಬೈಯುತ್ತಲೇ ತಮ್ಮ ಕೊರಳಿನ ಸ್ಕಾರ್ಫ್ ಬಿಚ್ಚಿಕೊಟ್ಟರು. ನಾನು ಅದನ್ನು ನಾಲ್ಕು ಪಟ್ಟಿಗಳಾಗಿ ಕತ್ತರಿಸಿ ಪಾದಗಳಿಗೆ ಕಟ್ಟಿದೆ. ಆಗ ಇಬ್ಬರೂ ಅತ್ತೆವು.

ಇಳಿಯುವಾಗ ಪೇದೆಯವರಿಬ್ಬರು ಸರದಿಯಲ್ಲಿ ನಾಯಿಯನ್ನು ಎತ್ತಿಕೊಂಡರು. ನಮ್ಮ ಮುಂದಿನ ಕೋಣೆ ಖಾಲಿ ಬಿದ್ದಿದೆ, ಕಿಟಕಿಯ ಹತ್ತಿರ ನಿನ್ನ ಮಿಷನ್ ಇಡಬಹುದು ಎಂದು ಅತ್ತಿಗೆ ಹೇಳಿದರು. ಕಿಟಕಿ ಎಷ್ಟು ಅಗಲ ಎಂದು ಕೇಳಿದೆ. ಮೂವತ್ತು ವರ್ಷ ಆ ಮನೆಯಲ್ಲಿದ್ದೂ ಅವರಿಗೆ ಗೊತ್ತಿರಲಿಲ್ಲ. ನಾನೇ ಬಂದು ಅಳೆಯುತ್ತೇನೆ ಎಂದೆ. ನಾಯಿಯ ಪಾದ ವಾಸಿಯಾದ ಮೇಲೆ ಉಳಿದ ದಾರಿಯನ್ನೂ ನಡೆದು ಮುಗಿಸಲಿದ್ದೇವೆ.

ಆದ್ದರಿಂದ ಸದರಿ ದೂರನ್ನು ಮುಕ್ತಾಯಗೊಳಿಸಬೇಕೆಂದು ಕೋರುತ್ತೇನೆ. ನಾನು ಹೇಳಿದಂತೆಯೇ ಬರೆದುಕೊಂಡಿದ್ದಾರೆ, ಓದಿಸಿ ಕೇಳಿದ್ದೇನೆ, ಎಲ್ಲವೂ ನಿಜ. ಮೇಲೆ ಬರೆಸಿದ ವಿಳಾಸ ಮಾತ್ರ ಈ ತಿಂಗಳ ಕೊನೆಯವರೆಗಷ್ಟೇ ಸರಿ.

ಸ್ಥಳ: ಬೆಟ್ಟದ ಬುಡದ ಹೊರಠಾಣೆ
ದಿನಾಂಕ: ಏಪ್ರಿಲ್ 17, ಬೆಳಿಗ್ಗೆ 9.30
ಸಹಿ: ಹೊಲಿಗೆಯಮ್ಮ