ಅಂಚಲ್ಲಿ ಒಬ್ಬರಿಗೇ ಜಾಗ

...ಅಯ್ಯೋ ಅಯ್ಯೋ, ಆಟದ ರಿಮೋಟನ್ನ ತಲೆಕೆಳಗಾಗಿ ಹಿಡ್ಕೊಂಡಿದ್ದೀರಲ್ಲ ಅತ್ತಿಗೆ! ಅದೇನು ಮೀನು ಕುಯ್ಯೋ ಚಾಕುನಾ? ತಿರುಗಿಸಿ... ಹಾಂ, ಹಂಗೆ. ಎರಡೂ ಹೆಬ್ಬೆಟ್ಟು ಮೇಲಿರಲಿ. ಯಾಕೆ ನಗ್ತೀರಿ? ಮೊದಲ ದಿನ ನಾನೂ ಹಂಗೇ ಹಿಡಿದಿದ್ದೆ. ನಮ್ಮ ಯಾಸು ಅಂತೂ ಕಿವಿಗೆ ಇಟ್ಕೊಂಡು ‘ಹಲೋ’ ಅಂದಿದ್ಲು! ಈಗ ನೋಡಿ, ಆ ಯಾಸು ಮೊಣಕಾಲು ಆಪರೇಷನ್ ಅಂತ ಆಸ್ಪತ್ರೇಲಿ ಮಲಗಿದ್ದಾಳೆ. ಭಾನುವಾರ ಬೆಟ್ಟದಾಚೆ ಊರಿನ ಮುದುಕರ ಜೊತೆ ವಿಡಿಯೋ ಗೇಮ್ ಪಂದ್ಯ. ಜೋಡಿ ಇಲ್ದೆ ಹೆಸರು ಬರ್ಕೊಳ್ಳಲ್ಲ ಅಂತ ಇಲ್ಲಿ ಆಟ ಕಲಿಸೋ ಮಿಹೊ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಲು. ನೀವಲ್ದೆ ಇನ್ಯಾರಿದ್ದಾರೆ ನನಗೆ?

ಆಗಲ್ಲ ಅನ್ಬೇಡಿ. ಎಪ್ಪತ್ತೊಂಬತ್ತು ಒಂದು ವಯಸ್ಸಾ? ನನಗೂ ಎಪ್ಪತ್ತಾರು. ಬುಧವಾರ ಬುಧವಾರ ನನ್ನ ಜೊತೆ ಈ ಹಿರಿಯರ ಕೇಂದ್ರಕ್ಕೆ ಬಸ್ಸಲ್ಲಿ ಬರ್ತೀರಿ, ಆ ಗೋಡೆಗೆ ಅಂಟ್ಕೊಂಡು ಕೂತ್ಕೋತೀರಿ, ಚಹಾ ಕುಡೀತೀರಿ, ನಾನು ಆಡೋದನ್ನೇ ನೋಡ್ತೀರಿ, ಮನೆಗೆ ಹೋಗ್ತೀರಿ. ಸಾಕು ನೋಡಿದ್ದು.

ಪರದೆ ಮೇಲಿರೋ ಆ ಕರಡಿ ನಾನು. ನಿಮಗೆ ಕೊಕ್ಕರೆ ಕೊಡ್ತೀನಿ, ಹಗುರ, ಹೊಸಬರಿಗೆ ಒಳ್ಳೇದು. ಇರಿ ಇರಿ, ಈ ಜಾಗ ಬೇಡ... ಇದರಲ್ಲಿ ನಾವು ನಿಂತು ಹೊಡೆದಾಡೋ ಅಟ್ಟದ ಕೆಳಗೆ ನೀರಿದೆ. ಅದು ಉಕ್ಕುತ್ತೆ, ಇಳಿಯುತ್ತೆ, ಉಕ್ಕುತ್ತೆ... ನನಗಾಗಲ್ಲ. ಮೋಡ ಇರೋದು ತಗೋಳೋಣ. ಹಾಂ, ಇದು ವಾಸಿ.

ಎಡಗಡೆ ಈ ಗುಬುಟು ಇದೆಯಲ್ಲ, ಅದರಲ್ಲಿ ನಡೆಯೋದು. ಮೆಲ್ಲಗೆ ದೂಡಿದ್ರೆ ನಡಿಗೆ, ಜೋರಾಗಿ ದೂಡಿದ್ರೆ ಓಟ. ಮೆಲ್ಲಗೆ... ಮೆಲ್ಲಗೆ ಅಂದೆ! ಬಿದ್ದೇಬಿಟ್ಟಿತಲ್ಲ ಕೊಕ್ಕರೆ! ಹೋಗ್ಲಿ ಬಿಡಿ, ಒಬ್ಬೊಬ್ಬರಿಗೆ ಮೂರು ಜೀವ. ಇನ್ನೂ ಎರಡಿದೆ. ನಮ್ಮಂಥವರಿಗೆ ಒಂದೇ ಜೀವ ಹೆಚ್ಚಾಗಿದೆ, ಅಲ್ವಾ?

ಹಸಿರು ಗುಂಡಿ ಹೊಡೆಯೋಕೆ. ಹಳದಿ ಗುಂಡಿ ನೆಗೆಯೋಕೆ. ಗಾಳೀಲಿರೋವಾಗ ಇನ್ನೊಂದು ಸಲ ಒತ್ತಿದ್ರೆ ಮತ್ತೊಂದು ನೆಗೆತ, ಎರಡೇ ಸಲ, ಮೂರನೇದಿಲ್ಲ. ತೋರುಬೆರಳ ಹತ್ತಿರ ಇರೋದು ಗುರಾಣಿ. ಹೊಡಿರಿ ನನ್ನನ್ನ... ಹೊಡಿರಿ ಅತ್ತಿಗೆ, ತಮ್ಮನ ಹೆಂಡ್ತೀನ ಮನೇಲಿ ಹೊಡೆಯೋಕಾಗಲ್ಲ, ಇಲ್ಲಾದ್ರೂ ಹೊಡಿರಿ! ಆಹಾ! ಬಿತ್ತು! ಕೆಳಗೆ ಅಂಕಿ ಕಾಣ್ತಿದೆಯಲ್ಲ, ಏಟು ಬಿದ್ದಷ್ಟೂ ಏರುತ್ತೆ, ಜ್ವರ ಏರಿದ ಹಾಗೆ. ಅದು ಏರಿದಷ್ಟೂ ಒಂದೇ ಒದೆತಕ್ಕೆ ದೂರ ಹಾರ್ತೀವಿ. ಏಟಿಂದ ಇಲ್ಲಿ ಯಾರೂ ಸಾಯಲ್ಲ. ಆಚೆ ಬಿದ್ದು ವಾಪಸ್ ಬರೋಕಾಗದಿದ್ರೆ ಮಾತ್ರ ಸಾಯೋದು.

ಅದಕ್ಕೇ ವಾಪಸ್ ಬರೋದನ್ನ ಸರಿಯಾಗಿ ಕಲೀಬೇಕು. ಆಚೆ ಬಿದ್ರಿ ಅಂತಿಟ್ಕೊಳ್ಳಿ. ಗಾಬರಿಯಾಗಿ ಗುಂಡಿಗಳನ್ನೆಲ್ಲ ಕುಟ್ಟಬೇಡಿ. ಗುಬುಟು ಅಟ್ಟದ ಕಡೆಗೆ. ಒಂದು ನೆಗೆತ. ಆಮೇಲೆ ಗುಬುಟು ಮೇಲಕ್ಕೆ ಮಾಡಿ ಈ ಕೆಂಪು ಗುಂಡಿ. ಆಗ ಅದು ರೆಕ್ಕೆ ಬಡಿದು ಮೇಲೇಳುತ್ತೆ. ಅಟ್ಟದ ಅಂಚು ಸಿಕ್ಕಿದ್ರೆ ಸಾಕು, ತಾನೇ ಹಿಡ್ಕೊಳ್ಳುತ್ತೆ. ಕೊಕ್ಕರೆಗೆ ಕೈ ಎಲ್ಲಿಂದ ಬಂತು ಅಂತೀರಾ? ಕೊಕ್ಕಲ್ಲಿ ಹಿಡಿಯುತ್ತೆ! ಎಷ್ಟು ಪ್ರಶ್ನೆ ಕೇಳ್ತೀರಿ! ಮನೇಲಿ ವಾರಕ್ಕೆ ನಾಲ್ಕು ಮಾತು ಆಡೋರು ಇವರು...

ಏನು? ಅಂಚಲ್ಲಿ ಆಗ್ಲೇ ಇನ್ನೊಬ್ಬರು ನೇತಾಡ್ತಿದ್ರೆ?

ಅದು... ಅದು ಆಮೇಲಿನ ಪಾಠ. ಚಹಾ ಕುಡೀರಿ, ಆರಿ ಹೋಗುತ್ತೆ.

ಆಯ್ತು ಮಾರಾಯ್ರೆ, ಹೇಳ್ತೀನಿ. ಅಂಚಲ್ಲಿ ಒಬ್ಬರಿಗೇ ಜಾಗ. ಮೊದಲು ಹಿಡಿದವರದ್ದು. ಆಮೇಲೆ ಬಂದವರಿಗೆ ಹಿಡಿತ ಸಿಗಲ್ಲ, ಜಾರಿ ಹೋಗ್ತಾರೆ. ಅಷ್ಟೇ. ನಿಯಮ ಅದು. ನಾನು ಮಾಡಿದ್ದಲ್ಲ.

ಯಾಸು ಹೇಳಿದ್ಲಾ ನಿಮಗೆ? ಬಾಯಿಬಡುಕಿ! ಹೌದು, ಹೋದ ವರ್ಷ ಸೋತಿದ್ದು ಅದಕ್ಕೇನೆ. ನಾನು ಅಂಚು ಹಿಡ್ಕೊಂಡಿದ್ದೆ. ಎದುರಾಳಿ ಕೆಳಗಿಂದ ಏರಿ ಬರ್ತಿದ್ದ. ಸುಮ್ನೆ ನೇತಾಡ್ತಾ ಇದ್ದಿದ್ರೆ ಅವನು ಬಿದ್ದು ನಾವು ಗೆಲ್ತಿದ್ವಿ. ‘ಬಿಡಬೇಡ ಫುಜಿನೊ, ಬಿಡಬೇಡ’ ಅಂತ ಯಾಸು ಕಿರುಚ್ತಾನೇ ಇದ್ಲು. ನಾನು ಮೇಲೆ ಹತ್ತಿ ಜಾಗ ಬಿಟ್ಟೆ. ಅವನು ಬಂದವನೇ ನನ್ನನ್ನೇ ಒದ್ದ! ಹ್ಹ ಹ್ಹ... ಯಾಕೆ ಬಿಟ್ಟೆ ಅಂದ್ರೆ? ಬೆರಳು ತಡವರಿಸ್ತು. ವಯಸ್ಸಾಯ್ತು... ಏನು ಹಂಗೆ ನೋಡ್ತೀರಿ? ಆಟ ಆಡೋಣ ಬನ್ನಿ, ಮಾತು ಸಾಕು.

ಈ ಸಲ ಒಬ್ಬೊಬ್ಬರಿಗೆ ಒಂದೇ ಜೀವ. ಶುರು! ನಡೀರಿ, ನಡೀರಿ... ನೆಗೀರಿ! ಇನ್ನೊಂದು! ಭೇಷ್! ಅಯ್ಯಪ್ಪಾ, ಎಲ್ಲಿ ಕಲಿತ್ರಿ ಇದನ್ನ? ಗೋಡೆಗೆ ಅಂಟ್ಕೊಂಡು ಎಲ್ಲಾ ನೋಡ್ತಿದ್ರಿ ಅನ್ನಿ, ಕಳ್ಳಿ! ತಗೊಳ್ಳಿ ಒಂದು ಒದೆತ... ಹಾಂ, ಆಚೆ ಬಿದ್ರಿ, ಗಾಬರಿ ಬೇಡ, ಗುಬುಟು ಮೇಲೆ, ಕೆಂಪು ಗುಂಡಿ... ಹಿಡೀತು! ಅಂಚು ಹಿಡೀತು! ನೋಡಿದ್ರಾ! ಅಯ್ಯೋ, ಈಗ ನಾನೇ ಜಾರಿದೆ. ಬಂದೆ, ಬಂದೆ... ನೀವು ಅಂಚಲ್ಲಿದ್ದೀರಿ, ಹಂಗೇ ಇರಿ, ಏನೂ ಒತ್ತಬೇಡಿ. ನನಗೆ ಜಾಗ ಸಿಗಲ್ಲ, ಗೆದ್ರಿ ಅತ್ತಿಗೆ, ಮೊದಲನೇ ದಿನವೇ ಗೆದ್...

ಅರೆ. ಯಾಕೆ ಬಿಟ್ರಿ?

ತಪ್ಪಿ ಒತ್ತಿದ್ರಾ? ಬಿದ್ದೇ ಹೋಯ್ತಲ್ಲ ಕೊಕ್ಕರೆ... ನೋಡಿ, ನನ್ನ ಕರಡಿ ಮೇಲೆ ಬಂದು ನಿಂತಿದೆ. ಅತ್ತಿಗೆ, ತಪ್ಪಿ ಒತ್ತಿದ್ದು ತಾನೇ? ... ಬೇಕಂತಲೇ? ನಾನು ಬರಲಿ ಅಂತ?

ಹಂಗೆ ಮಾಡಬಾರದು! ಯಾರೂ ಹಂಗೆ ಬಿಡಲ್ಲ! ಕೈಗೆ ಸಿಕ್ಕಿದ್ದನ್ನ ಯಾರಾದ್ರೂ ಬಿಡ್ತಾರಾ? ನನ್ನ ಗಂಡ, ನಿಮ್ಮ ತಮ್ಮ, ಅವರೂ ಬಿಡಲಿಲ್ಲ, ತಾವಾಗಿ ಬಿಟ್ಟೋರಲ್ಲ, ಅವರು...

ಏನಿಲ್ಲ. ಏನೋ ಬಾಯಿಗೆ ಬಂತು.

ನಕ್ಕುಬಿಡಿ ಅತ್ತಿಗೆ. ಹಂಗೆ ನೋಡಬೇಡಿ. ಗೊತ್ತಲ್ಲ ನಿಮಗೆ, ಅವತ್ತು, ಸಮುದ್ರ ಊರೊಳಗೆ ಬಂದ ದಿನ, ದೇವರಗೂಡಲ್ಲಿದ್ದ, ತೀರಿಹೋದ ಮಾವನ ಹೆಸರು ಬರೆದ ಪೂಜೆಯ ಹಲಗೆ ತರ್ತೀನಿ ಅಂತ ಅವರು ವಾಪಸ್ ಮನೆಗೆ ಹೋದ್ರು. ನಾನು ಬೆಟ್ಟ ಹತ್ತಿದೆ. ಆಮೇಲೆ ಅವರನ್ನ ನೋಡಲೇ ಇಲ್ಲ. ಎಲ್ಲರಿಗೂ ಹೇಳಿದ್ದೀನಲ್ಲ. ನೀವೂ ಹೇಳ್ತೀರಲ್ಲ, ಹಿರಿಯರ ಹಬ್ಬಕ್ಕೆ ಬಂದವರಿಗೆಲ್ಲ.

ರಿಮೋಟ್ ಯಾಕೆ ಕೆಳಗಿಟ್ರಿ?

ಅವರು ವಾಪಸ್ ಹೋಗಲಿಲ್ಲ ಅತ್ತಿಗೆ. ನನ್ನ ಹಿಂದೇನೇ ಇದ್ರು. ಮಂಜುಗಡ್ಡೆ ಕಾರ್ಖಾನೆಯ ಹೊರಗಿನ ಕಬ್ಬಿಣದ ಮೆಟ್ಟಿಲು, ಅದರ ಮೇಲೆ ಇಬ್ಬರೂ ಇದ್ವಿ. ನೀರು ಅವರ ಕಾಲು ಎಳ್ಕೊಂಡುಬಿಡ್ತು. ಅವಸರದಲ್ಲಿ ಕೋಟಿಗೆ ಎಡತೋಳು ಮಾತ್ರ ತೂರಿಸಿದ್ದೆ, ಬಲಗೈಲಿ ಕಂಬಿ ಹಿಡಿದಿದ್ದೆ. ನನ್ನ ಎಡತೋಳು ಅವರು ಹಿಡಿದಿದ್ರು. ‘ಫುಜಿನೊ, ಬಿಗಿಯಾಗಿ ಹಿಡ್ಕೋ’ ಅಂದ್ರು. ಹಿಡ್ಕೊಂಡೆ. ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ. ಕಂಬಿ ಕೈಯಿಂದ ಜಾರೋಕೆ ಶುರುವಾಯ್ತು, ಇಬ್ಬರೂ ಹೋಗ್ತೀವಿ ಅನ್ನಿಸ್ತು. ಆಗ ನಾನು... ಕೋಟು ಕಳಚಿಬಿಟ್ಟೆ. ಭುಜ ಒಂದಿಷ್ಟು ಕುಗ್ಗಿಸಿದೆ, ಅಷ್ಟೇ. ತೋಳು ಸುಲಭವಾಗಿ ಬಂದುಬಿಡ್ತು. ಕೋಟಿನ ಜೊತೆ ಅವರು ಹೋದ್ರು. ನನ್ನ ಮುಖಾನೇ ನೋಡ್ತಾ ಹೋದ್ರು.

ಇವತ್ತಿಗೂ ಸ್ನಾನದ ತೊಟ್ಟೀಲಿ ಇಳಿದ ತಕ್ಷಣ ಈ ತೋಳು ಭಾರ ಆಗುತ್ತೆ. ಯಾರೋ ನೇತು ಬಿದ್ದ ಹಾಗೆ. ಅದಕ್ಕೇ ನಾನು ತಂಬಿಗೇಲಿ ನೀರು ಸುರ್ಕೊಂಡು ಬೇಗ ಎದ್ದು ಬರೋದು. ಮುದುಕಿಗೆ ಚಳಿ ಜಾಸ್ತಿ ಅಂತ ನೀವು ಅಂದ್ಕೊಂಡಿದ್ರಿ.

ಉಳಿದವರೆಲ್ಲ ಸೇರಿದ್ದ ಶಾಲೆಗೆ ನಾನು ಬಂದಾಗ ಹಿಮ ಬೀಳ್ತಿತ್ತು. ಪಾಪ, ಪಾಪ ಅಂತ ಎಲ್ಲರೂ ಅತ್ರು. ಕೋಟು ಎಲ್ಲಿ ಅಂತ ಕೇಳಿದ್ದು ನೀವೊಬ್ಬರೇ. ಯಾರಿಗೋ ಕೊಟ್ಟೆ ಅಂದೆ. ನಿಮ್ಮ ಕಂಬಳಿ ತೆಗೆದು ನನಗೆ ಹೊದಿಸಿದ್ರಿ, ಮತ್ತೆ ಕೇಳಲಿಲ್ಲ.

ಬೈಯಿರಿ ಅತ್ತಿಗೆ. ಒಂದು ಹೊಡಿರಿ. ನಿಮಗೆ ಆಶ್ಚರ್ಯವೂ ಆಗ್ತಿಲ್ಲವಲ್ಲ? ಕಣ್ಣು ಕೂಡ ಮಿಟುಕಿಸಲಿಲ್ಲ ನೀವು.

ಆ ಟವೆಲ್ ಯಾಕೆ ಮಣಿಕಟ್ಟಿಗೆ ಸುತ್ಕೋತಿದ್ದೀರಿ? ಒಂದು ಸುತ್ತು... ಎರಡು... ಏನು ತೋರಿಸ್ತಿದ್ದೀರಿ ನನಗೆ?

ಹನ್ನೊಂದನೇ ದಿನ ಅವರು ಸಿಕ್ಕಿದಾಗ ಗುರುತು ಹಿಡಿಯೋಕೆ ಹೋಗಿದ್ದು ನೀವು. ‘ನೀನು ಬರಬೇಡ, ಮುಖ ಚೆನ್ನಾಗಿಲ್ಲ’ ಅಂದ್ರಿ. ಮುಖ ಅಲ್ಲ... ಕೈ. ಅವರ ಕೈಗೆ ಸುತ್ಕೊಂಡಿತ್ತಾ? ನನ್ನ ನೀಲಿ ಕೋಟಿನ ತೋಳು? ಹಿಂಗೇನಾ, ಎರಡು ಸುತ್ತು?

ಅಲ್ಲ ಅನ್ನಿ ಅತ್ತಿಗೆ... ತಲೆ ಅಲ್ಲಾಡಿಸಿ...

ಅವತ್ತಿಂದಲೇ ನಿಮಗೆ ಗೊತ್ತಿತ್ತು. ಗೊತ್ತಿದ್ದೂ, ‘ನನ್ನ ತಮ್ಮ ಹಲಗೆ ತರೋಕೆ ಹೋದ’ ಅಂತ ಬಂದವರಿಗೆಲ್ಲ ನೀವೇ ಹೇಳಿದ್ರಿ. ನಾನು ಪಕ್ಕದಲ್ಲಿ ಕೂತು ಹೂಂ ಹೂಂ ಅಂದೆ. ಹದಿಮೂರು ವರ್ಷ ಒಂದೇ ಪಾತ್ರೆ ಸಾರು ಬಡಿಸ್ಕೊಂಡು ತಿಂದ್ವಲ್ಲ, ಅತ್ತಿಗೆ.